ಐಸಿನ ಮೇಲೆ ತಿಲ್ಲಾನ: ಒಬ್ಬ ಸಂಯೋಜಕಿಯ ಸೇವೆಯ ಬಗ್ಗೆ

ಅಮೆರಿಕದ ಡೆಟ್ರಾಯಿಟ್ ಹೊರವಲಯದ ಐಸ್ ಅಂಗಳವೊಂದರಲ್ಲಿ (ರಿಂಕ್) ಆರು ವರ್ಷದಿಂದ ಫಿಗರ್ ಸ್ಕೇಟಿಂಗ್ ಕಲಿಯುತ್ತಿರುವ ನಾನು, ನಲವತ್ತೊಂದನೆಯ ವಯಸ್ಸಿನಲ್ಲಿ ವಯಸ್ಕರ ಬ್ರಾಂಜ್ ಎಂಬ ಕೆಳಹಂತದ ವಿಭಾಗದಲ್ಲಿ ಸ್ಪರ್ಧಿಸುವ ಧೈರ್ಯ ಮಾಡಿ, ಅದಕ್ಕೊಂದು ಹೊಸ ಪ್ರೋಗ್ರಾಮ್, ಅಂದರೆ ಸಂಗೀತಕ್ಕೆ ಹೆಜ್ಜೆ, ಜಿಗಿತ, ಗಿರಕಿಗಳನ್ನು ಹೊಂದಿಸಿದ ಪ್ರದರ್ಶನ, ಕಟ್ಟಿಸಿಕೊಳ್ಳಲು ಕಳೆದ ಬೇಸಿಗೆಯಲ್ಲಿ ಒಬ್ಬ ನೃತ್ಯ ಸಂಯೋಜಕಿಯ ಸೇವೆ ಪಡೆದೆ. ಮಕ್ಕಳನ್ನು ಸ್ಕೇಟಿಂಗಿಗೆ ಸೇರಿಸಿರುವ ಇಲ್ಲಿನ ಕನ್ನಡದ ಗೆಳತಿಯರು, ಕೋಚ್ ಇರುವಾಗ ಬೇರೆ ಸಂಯೋಜಕಿ ಏಕೆ ಬೇಕು, ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂದು ಪದೇ ಪದೇ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ. ಲೋಪಗಳನ್ನೂ ಹೇಳುವುದಿರುವುದರಿಂದ ಆಕೆಯ ಹೆಸರನ್ನಾಗಲಿ ರಿಂಕಿನ ಹೆಸರನ್ನಾಗಲಿ ಹಾಕಿಲ್ಲ.

ಆರು ಗಂಟೆಗಳ ಪ್ಯಾಕೇಜಿಗೆ ಗಂಟೆಯೊಂದಕ್ಕೆ 110 ಡಾಲರ್. ಐಸಿನ ಬಾಡಿಗೆ ಬೇರೆ, ಸಂಗೀತವನ್ನು ಕತ್ತರಿಸಿ ಜೋಡಿಸುವುದಕ್ಕೆ 75 ಡಾಲರ್ ಬೇರೆ. ಈ ಕೊನೆಯ ಬಾಬ್ತಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲ ಭೇಟಿ ಅಷ್ಟೇನೂ ಹಿತವಾಗಿರಲಿಲ್ಲ. ನಾನು ಭಾರತದವಳೆಂದು ತಿಳಿದ ಕೂಡಲೇ ಆಕೆ ಬಾಲಿವುಡ್ ಹಾಡುಗಳ ಪಟ್ಟಿಯನ್ನೇ ತೆರೆದರು. ಅದಕ್ಕೆ ಕಾರಣವಿಲ್ಲದಿಲ್ಲ: ಇಲ್ಲಿಗೆ ಸಮೀಪದ ಕ್ಯಾಂಟನ್ನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಜೋಡಿ 2009-10ರ ಋತುವಿನಲ್ಲಿ ಹಿಂದಿ ಸಿನಿಮಾ ಸಂಗೀತಕ್ಕೆ ಮಾಡಿದ ಐಸ್ ಡಾನ್ಸ್ ಬಹಳ ಮೆಚ್ಚುಗೆ ಪಡೆದಿತ್ತು, ಅದೇ ಋತುವಿನ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಅವರಿಗೆ ಬೆಳ್ಳಿಯೂ ಬಂದಿತ್ತು. ಆದರೆ ಮೈಸೂರಿನಲ್ಲಿ ಒಂಬತ್ತು ವರ್ಷ ಭರತನಾಟ್ಯ ಕಲಿತ ನನಗೆ ಬೇಕಾಗಿದ್ದುದು ವೀಣೆಯಲ್ಲಿ ನುಡಿಸಿದ ಒಂದು ತಿಲ್ಲಾನ. ಆಕೆ ಅಂಥದ್ದನ್ನು ಅದುವರೆಗೆ ಕೇಳಿಯೇ ಇರಲಿಲ್ಲ. ಎರಡು ದಿನ ಕೇಳಿಕೊಂಡು ಬಂದು, "ಇದರಲ್ಲಿ ಹೆಜ್ಜೆಗಳು ಆಗಲೇ ಕೂತಿವೆ, ನಾವು ಹುಡುಕಿ ತೆಗೆದರೆ ಸಾಕು" ಎಂದರು. ಅಲ್ಲಿಗೆ ನನ್ನ ಮುನಿಸು ಇಳಿಯಿತು.

ನಮ್ಮ ವಿಭಾಗದಲ್ಲಿ ಪ್ರೋಗ್ರಾಮ್ 1 ನಿಮಿಷ 50 ಸೆಕೆಂಡು ಮೀರುವಂತಿಲ್ಲ. ಅಷ್ಟರೊಳಗೆ ಹೆಚ್ಚೆಂದರೆ ನಾಲ್ಕು ಜಿಗಿತ, ಎರಡು ಸ್ಪಿನ್ (ನಿಂತಲ್ಲೇ ಗಿರಕಿ), ಒಂದು ಹೆಜ್ಜೆಗಳ ಸರಣಿ. ಮುಂದಕ್ಕೆ ಮುಖಮಾಡಿ ಹಾರುವ ಆಕ್ಸೆಲ್ ಎಂಬ ಕಷ್ಟದ ಜಿಗಿತಕ್ಕೆ ಅವಕಾಶವಿಲ್ಲ. ಆದರೆ ಗಡಿಯಾರ ಓಡತೊಡಗುವುದು ಸಂಗೀತ ಮೊದಲಾದಾಗ ಅಲ್ಲ, ಸ್ಕೇಟರ್ ಅಲುಗಿದಾಗ. ಈ ನಿಯಮ ನನಗೆ ಗೊತ್ತಿತ್ತು, ಅದನ್ನು ಬಳಸಿಕೊಳ್ಳಬಹುದೆಂದು ಮಾತ್ರ ಹೊಳೆದಿರಲಿಲ್ಲ. ಆಕೆ ವೀಣೆಯ ಮೊದಲ ನಾಲ್ಕು ಮೀಟುಗಳಷ್ಟು ಹೊತ್ತು ನನ್ನನ್ನು ರಿಂಕಿನ ನಡುವೆ ಅಲುಗದೆ ನಿಲ್ಲಿಸಿ, ಐದನೆಯ ಮೀಟಿಗೆ ಬಲಗೈ ಮಾತ್ರ ಎತ್ತಿಸಿದರು. ಐದು ಸೆಕೆಂಡು ಉಳಿಯಿತು, ನೋಡುವವರ ಕಣ್ಣೂ ನನ್ನತ್ತ ತಿರುಗಿತು.

ಜಿಗಿತಗಳನ್ನು ಎಲ್ಲಿಡಬೇಕೆಂಬುದರಲ್ಲಿ ಈ ಕ್ರೀಡೆಯ ಲೆಕ್ಕಾಚಾರವೆಲ್ಲ ಅಡಗಿದೆ. ದೊಡ್ಡ ಸ್ಪರ್ಧೆಗಳಲ್ಲಿ ಪ್ರೋಗ್ರಾಮಿನ ಉತ್ತರಾರ್ಧದ ಜಿಗಿತಗಳಿಗೆ ಶೇಕಡಾ 10ರಷ್ಟು ಹೆಚ್ಚು ಅಂಕ ಸಿಗುತ್ತಿದ್ದುದರಿಂದ, 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ರಷ್ಯಾದ ಸ್ಕೇಟರ್ ಅಲೀನಾ ಜಗಿಟೋವಾ ಫ್ರೀ ಸ್ಕೇಟಿನ (ಎರಡು ಪ್ರೋಗ್ರಾಮುಗಳಲ್ಲಿ ಉದ್ದನೆಯದು) ಏಳೂ ಜಿಗಿತಗಳನ್ನು ಉತ್ತರಾರ್ಧಕ್ಕೆ ತಳ್ಳಿ ಚಿನ್ನ ಗೆದ್ದರು. ಮರುಋತುವಿನಿಂದ ಆ ಹೆಚ್ಚುವರಿ ಅಂಕವನ್ನು ಫ್ರೀ ಸ್ಕೇಟಿನ ಕೊನೆಯ ಮೂರು ಜಿಗಿತಗಳಿಗಷ್ಟೇ ಸೀಮಿತಗೊಳಿಸಿದರು. ನನ್ನ ಮಟ್ಟದಲ್ಲಿ ಲೆಕ್ಕಕ್ಕೆ ಬರುವುದು ಉಸಿರು. ಅದನ್ನರಿತ ಸಂಯೋಜಕಿ, ಕಾಲಿನಲ್ಲಿ ಕಸುವಿರುವಾಗಲೇ ಮುಗಿಯಲೆಂದು ಫ್ಲಿಪ್ ಎಂಬ ಜಿಗಿತವನ್ನು ಮೊದಲಿಗೇ ಇಟ್ಟರು.

ಆಕೆಯ ನಿಜವಾದ ಕಸುಬುದಾರಿಕೆ ಕಂಡದ್ದು ಮೂರನೆಯ ಗಂಟೆಯಲ್ಲಿ. ನನ್ನ ಕೋಚ್ ವರ್ಷಗಳಿಂದ "ಮಂಡಿ ಬಗ್ಗಿಸು" ಎಂದು ಕೂಗುತ್ತಿದ್ದರೂ ನನ್ನ ದೇಹ ಬಗ್ಗುತ್ತಿದ್ದುದು ಅರಮಂಡಿಯ ರೀತಿಯಲ್ಲಿ, ಮಂಡಿಗಳು ಎರಡು ಪಕ್ಕಕ್ಕೆ ತೆರೆದುಕೊಂಡು. ಸ್ಕೇಟಿಂಗಿನಲ್ಲಿ ಮಂಡಿ ಪಾದದ ನೇರಕ್ಕೆ ಮುಂದೆ ಬರಬೇಕು, ಇಲ್ಲವಾದರೆ ಬ್ಲೇಡಿನ ಅಂಚು ಐಸನ್ನು ಹಿಡಿಯುವುದಿಲ್ಲ. ಆಕೆ ಇದನ್ನು ತಿದ್ದುವ ಬದಲು, ಹೆಜ್ಜೆಗಳ ಸರಣಿಯಲ್ಲಿ ಒಂದೇ ಕಡೆ ಬೇಕೆಂತಲೇ ಎರಡೂ ಪಾದ ತೆರೆದು ಅರಮಂಡಿಯಲ್ಲಿ ಒಳ ಅಂಚುಗಳ ಮೇಲೆ ಜಾರುವಂತೆ ಮಾಡಿ, ಉಳಿದೆಡೆಯೆಲ್ಲ ಅದನ್ನು ಕಟ್ಟುನಿಟ್ಟಾಗಿ ತೆಗೆದುಹಾಕಿದರು. ತಪ್ಪಿಗೊಂದು ಜಾಗ ಸಿಕ್ಕಿದ ಮೇಲೆ ಅದು ಬೇರೆಡೆ ತಲೆಹಾಕುವುದು ಕಡಿಮೆಯಾಯಿತು.

ಇನ್ನು ಆ 75 ಡಾಲರಿನ ವಿಷಯ. ಕತ್ತರಿಸಿ ಜೋಡಿಸಿದ ಸಂಗೀತದ ನಡುವೆ ಒಂದು ಕಡೆ ನನಗೆ ಪ್ರತಿ ಸಲವೂ ಕಾಲು ತಪ್ಪುತ್ತಿತ್ತು. ಅಭ್ಯಾಸ ಸಾಲದೆಂದು ಎರಡು ವಾರ ನನ್ನನ್ನೇ ಬೈದುಕೊಂಡೆ. ಕಡೆಗೊಂದು ದಿನ ಕಾರಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಾಗ ಗೊತ್ತಾಯಿತು: ಎಂಟು ಅಕ್ಷರಗಳ ಆದಿತಾಳದ ಆವರ್ತದಲ್ಲಿ ಆರನೆಯ ಅಕ್ಷರ ಮುಗಿಯುತ್ತಲೇ ಸಂಗೀತ ನೇರ ಸಮಕ್ಕೆ, ಅಂದರೆ ಮುಂದಿನ ಆವರ್ತದ ಮೊದಲ ಅಕ್ಷರಕ್ಕೆ, ಹಾರಿತ್ತು, ಎರಡು ಅಕ್ಷರ ಕತ್ತರಿಗೆ ಹೋಗಿದ್ದವು. ಸಂಯೋಜಕಿಯೂ ಎಂಟೆಂಟಾಗಿಯೇ ಎಣಿಸುವವರು, ಆದರೂ ಸ್ವರದ ಜೋಡಣೆ ನಯವಾಗಿದ್ದುದರಿಂದ ಕಿವಿಗೆ ಬಿದ್ದಿರಲಿಲ್ಲವಂತೆ. ರಿಂಕಿನ ಬೆಂಚಿನ ಮೇಲೆ ಕೈಯಲ್ಲಿ ತಾಳ ಹಾಕಿ ತೋರಿಸಿದ ಮೇಲೆ ಒಪ್ಪಿ ಸರಿಪಡಿಸಿದರು. ಸರಿಪಡಿಸಿದ್ದಕ್ಕೆ ಮತ್ತೆ ಅರ್ಧ ಗಂಟೆಯ ಶುಲ್ಕ ಹಾಕಿದ್ದು ಮಾತ್ರ ನನಗೆ ಇಂದಿಗೂ ಸರಿಯೆನಿಸಿಲ್ಲ.

ಇನ್ನೊಂದು ಕೊರತೆ, ಆರು ಗಂಟೆ ಮುಗಿದ ಮೇಲೆ ಆಕೆಯ ಹೊಣೆಯೂ ಮುಗಿಯುತ್ತದೆ. ಖಾಲಿ ಐಸಿನಲ್ಲಿ ಕಲಿತದ್ದನ್ನು ಹದಿನೈದು ಜನರಿರುವ ಅಭ್ಯಾಸದ ವೇಳೆಯಲ್ಲಿ, ಯಾರ ಸಂಗೀತ ಹಾಕಿದೆಯೋ ಅವರಿಗೆ ದಾರಿ ಬಿಡಬೇಕೆಂದು ಸೂಚಿಸುವ ಕಿತ್ತಳೆ ಬಣ್ಣದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಿಸಿದಾಗಲೇ ಅದರ ತೊಡಕುಗಳು ಗೊತ್ತಾಗುವುದು. ಆ ಹೊತ್ತಿಗೆ ಆಕೆ ಅಲ್ಲಿರಲಿಲ್ಲ. ಎರಡನೆಯ ಸ್ಪಿನ್ನಿಗೆ ಹೋಗುವ ದಾರಿಯನ್ನು ನನ್ನ ಕೋಚ್ ಬದಲಿಸಬೇಕಾಯಿತು. ಮಕ್ಕಳಿಗೆ ಮಾಡಿಸುವವರು ಎರಡು ತಿಂಗಳ ಬಳಿಕದ ಒಂದು ಗಂಟೆಯನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಸ್ಪರ್ಧೆಯಲ್ಲಿ ಆರು ಮಂದಿಯಲ್ಲಿ ನಾಲ್ಕನೆಯವಳಾದೆ. ಫ್ಲಿಪ್ ಇಳಿಯುವಾಗ ಕೈ ಊರಿದೆ, ಅದು ನನ್ನ ತಪ್ಪು. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂದು ನೀಡುವ ಮೂರು ಅಂಕಗಳ ಪೈಕಿ ಸಂಯೋಜನೆಯಲ್ಲಿ ಮಾತ್ರ ನನ್ನದು ಎರಡನೆಯ ಸ್ಥಾನ. ಮುಂದಿನ ಋತುವಿಗೂ ಆಕೆಯನ್ನೇ ಗೊತ್ತುಮಾಡಿದ್ದೇನೆ. ಈ ಸಲ ಸಂಗೀತವನ್ನು ಮಾತ್ರ ತಾಳ ಹಾಕಿಕೊಂಡು ನಾನೇ ಕತ್ತರಿಸಿ ಕಳುಹಿಸಿದ್ದೇನೆ.