ಮಳೆಗಾಲದ ಟಾರ್ಚ್ ಕೈಕೊಟ್ಟ ರಾತ್ರಿ: ನಿಮ್ಮನೆಯದನ್ನು ಇವತ್ತೇ ಬಿಚ್ಚಿ ನೋಡಿ

ಹೋದ ವರ್ಷ ಪುಷ್ಯ ಮಳೆ ಹಿಡಿದಾಗಿನ ಮಾತು. ಕರೆಂಟು ಹೋಗಿ ಮೂರನೇ ರಾತ್ರಿ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು. ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಲೈನ್‌ಮನ್‌ಗಳು ಕೆಸರು ಗದ್ದೆಯಲ್ಲಿ ಕಂಬದಿಂದ ಕಂಬಕ್ಕೆ ನಡೆದು ಹುಡುಕಬೇಕು. ಅವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮೊದಲ ರಾತ್ರಿ ಇನ್ವರ್ಟರ್ ನಡೆಯಿತು, ಎರಡನೇ ಸಂಜೆ ಅದೂ ಕೂಗಿ ಕೂಗಿ ಸುಮ್ಮನಾಯಿತು. ಟವರೂ ಸತ್ತಿದ್ದರಿಂದ ಫೋನು ಸಿಗ್ನಲ್ ಹುಡುಕುತ್ತಲೇ ಚಾರ್ಜ್ ಖಾಲಿ ಮಾಡಿಕೊಂಡು ಶೇಕಡಾ 8ಕ್ಕೆ ಬಂದಿತ್ತು.

ರಾತ್ರಿ ಎರಡು ಗಂಟೆ ಹೊತ್ತಿಗೆ ಅತ್ತೆ ಕೂಗಿದರು. "ಬ್ಯಾಟ್ರಿ ತಗಂಡ್ ಬಾರೇ, ಗೌರಿ ಒದ್ದಾಡ್ತಾ ಇದೆ, ಕರು ಹಾಕೋ ಹಂಗೆ ಕಾಣ್ತದೆ." ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುವುದು, ಒಳಗೆ ಹಾಕುವುದು ಸೆಲ್ಲು. ಓದುವವರಿಗೆ ಗೊಂದಲ ಆಗದಿರಲಿ ಅಂತ ಇಲ್ಲಿ ಟಾರ್ಚ್ ಅಂತ ಬರೆಯುತ್ತೇನೆ.

ಮೊಳೆಗೆ ನೇತುಹಾಕಿದ್ದ ಚಾರ್ಜಿಂಗ್ ಟಾರ್ಚ್ ತೆಗೆದುಕೊಂಡೆ. ಸಂತೆಯಲ್ಲಿ 350 ರೂಪಾಯಿ ಕೊಟ್ಟು ತಂದದ್ದು. ಬಟನ್ ಒತ್ತಿದ ಕೂಡಲೇ ಫಳ್ಳನೆ ಬೆಳ್ಳಗೆ ಹತ್ತಿತು. ಅದನ್ನೇ ನಂಬಿ ಹಿತ್ತಲ ಬಾಗಿಲು ತೆಗೆದು ಹೊರಟೆವು. ಮನೆಯಿಂದ ಕೊಟ್ಟಿಗೆಗೆ ಒಂಬತ್ತು ಜಂಬಿಟ್ಟಿಗೆ ಮೆಟ್ಟಿಲು, ಮಳೆಗಾಲವಿಡೀ ಪಾಚಿ. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಬೆಳಕು ಮಂಕಾಯಿತು, ನಾಲ್ಕನೆಯದಕ್ಕೆ ಮಿಂಚುಹುಳದಷ್ಟಾಯಿತು, ಆಮೇಲೆ ಅದೂ ಇಲ್ಲ. ಎಷ್ಟು ಅಲ್ಲಾಡಿಸಿದರೂ ಹತ್ತಲಿಲ್ಲ.

"ಅತ್ತೆ, ನೀವಿಲ್ಲೇ ನಿಲ್ಲಿ, ಇನ್ನೊಂದು ತರ್ತೀನಿ" ಅಂತ ಗೋಡೆ ಸವರಿಕೊಂಡು ಒಳಗೆ ಓಡಿದೆ. ಕಪಾಟಿನಲ್ಲಿ ಇನ್ನೊಂದು ಟಾರ್ಚ್ ಇತ್ತು, ಎಎ ಅಳತೆಯ ಮೂರು ಪೆನ್ಸಿಲ್ ಸೆಲ್ ಹಾಕುವ ಅಲ್ಯೂಮಿನಿಯಂ ಟಾರ್ಚ್. ಚೆನ್ನಾಗಿರುವುದು ಅಂತ ಜೋಪಾನ ಮಾಡಿ ಇಟ್ಟದ್ದು. ಅದು ಹತ್ತಲೇ ಇಲ್ಲ. ಸೆಲ್ ಬದಲಾಯಿಸೋಣ ಅಂತ ಹಿಂದಿನ ಮುಚ್ಚಳ ತಿರುಗಿಸಿದರೆ ಅಲ್ಲಾಡಲೂ ಇಲ್ಲ. ಮಗನನ್ನು ಎಬ್ಬಿಸಿ, ಬೈರಾಸ ಸುತ್ತಿ, ಇಬ್ಬರೂ ಸೇರಿ ತಿರುಚುತ್ತಿದ್ದಾಗ ಹೊರಗೆ ಗೌರಿ ಜೋರಾಗಿ ಕೂಗಿತು. ಅತ್ತೆಗೆ ತಡೆಯಲಾಗಲಿಲ್ಲ, ಕತ್ತಲಲ್ಲೇ ಕಾಲು ಮುಂದಿಟ್ಟರು. ಅವರು ಬಿದ್ದ ಸದ್ದು ಒಳಗೆ ನನಗೆ ಕೇಳಿಸಿತು.

ಬಲಗೈ ಮಣಿಕಟ್ಟು ಮುರಿದಿತ್ತು. ಪಕ್ಕದ ಮನೆಯವರು ತಮ್ಮ ಹಳೇ ಹಿತ್ತಾಳೆ ಟಾರ್ಚ್ ಹಿಡಿದು ಬಂದರು, ಅದರ ಬೆಳಕಲ್ಲೇ ಕರು ಹೊರಗೆ ಬಂತು, ಅದರ ಬೆಳಕಲ್ಲೇ ಅತ್ತೆಯನ್ನು ಜೀಪಿಗೆ ಹತ್ತಿಸಿದೆವು. ಅರವತ್ತೆಂಟು ವರ್ಷದ ಹೆಂಗಸು, ಆರು ವಾರ ಕೈಗೆ ಪ್ಲಾಸ್ಟರ್. ಮದುವೆಯಾಗಿ ಬಂದ ದಿನದಿಂದ ತಾನೇ ಹಾಲು ಕರೆದವರು ಜಗಲಿಯಲ್ಲಿ ಕೂತು ಬೇರೆಯವರು ಕರೆಯುವುದನ್ನು ನೋಡಬೇಕಾಯಿತು. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಎರಡು ಟಾರ್ಚ್ ಇದ್ದೂ ಹೀಗಾಯಿತಲ್ಲ ಅಂತ ನಾನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ತಿಳಿದದ್ದನ್ನೂ, ಆಮೇಲೆ ಒಂದು ವರ್ಷ ನಾನೇ ಗಮನಿಸಿದ್ದನ್ನೂ ಹೇಳುತ್ತೇನೆ.

ಚಾರ್ಜಿಂಗ್ ಟಾರ್ಚಿನ ಸ್ಕ್ರೂ ತೆಗೆದರೆ ಒಳಗೆ ಬೆಂಕಿಪೊಟ್ಟಣದಂಥ ಒಂದು ಬೂದು ಡಬ್ಬಿ. 4 ವೋಲ್ಟಿನ ಸೀಸದ ಬ್ಯಾಟರಿ. ಕಾರಿನಲ್ಲಿ, ಇನ್ವರ್ಟರಿನಲ್ಲಿ ಇರುವುದರ ಪುಟ್ಟ ತಮ್ಮ. ಈ ಜಾತಿಯ ಬ್ಯಾಟರಿಯನ್ನು ಚಾರ್ಜ್ ಇಳಿಸಿ ಸುಮ್ಮನೆ ಇಡಬಾರದಂತೆ. ಇಟ್ಟರೆ ಒಳಗಿನ ಸೀಸದ ಹಲಗೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಅದು ಪೂರ್ತಿ ಕರಗುವುದಿಲ್ಲ. ನಾವು ಮಾಡಿದ್ದು ಅದೇ. ಜೂನ್‌ನಲ್ಲಿ ನಾಲ್ಕು ರಾತ್ರಿ ಉರಿಸಿ ಮೊಳೆಗೆ ಸಿಕ್ಕಿಸಿದ್ದೆವು. ಹಾಗಂತ ಸದಾ ಪ್ಲಗ್ಗಿನಲ್ಲೇ ಬಿಟ್ಟರೂ ಕೆಡುತ್ತದೆ. ತುಂಬಿದ ಮೇಲೆ ತಾನಾಗಿ ನಿಲ್ಲಿಸುವ ವ್ಯವಸ್ಥೆ ಇಂಥ ಅಗ್ಗದ ಟಾರ್ಚುಗಳಲ್ಲಿ ಬಹುಪಾಲು ಇರುವುದಿಲ್ಲ, ಒಳಗಿನ ನೀರಿನಂಶ ಆರಿಹೋಗುತ್ತದೆ. ಮೊದಲು ಫಳ್ಳನೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ, ಸತ್ತ ಬ್ಯಾಟರಿಯೂ ಒಂದೆರಡು ನಿಮಿಷ ವೋಲ್ಟೇಜ್ ತೋರಿಸುತ್ತದೆ. ಅದಕ್ಕೇ ಹೇಳುವುದು, ಬಟನ್ ಒತ್ತಿ ಹತ್ತಿತು ಅಂದರೆ ಸರಿ ಇದೆ ಅಂತ ತಿಳಿಯಬೇಡಿ. ಹತ್ತು ನಿಮಿಷ ಉರಿಸಿ ನೋಡಿ.

ಅದೇ ಟಾರ್ಚಿನಲ್ಲಿ ಇನ್ನೊಂದು ಅಪಾಯ ಇತ್ತು. ಹಿಂದಿನಿಂದ ಎರಡು ಪಿನ್ ಹೊರಗೆಳೆದು ನೇರ ಸಾಕೆಟ್ಟಿಗೆ ಚುಚ್ಚುವುದು ಇದೆಯಲ್ಲ, ಅದರೊಳಗೆ ಮೇನ್ಸ್ ಕರೆಂಟನ್ನು ಇಳಿಸಿ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರಲೇ ಇಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೆ. ಅಂದರೆ ಪ್ಲಗ್ಗಿನಲ್ಲಿರುವಷ್ಟು ಹೊತ್ತು ಒಳಗಿನ ತಂತಿಯೆಲ್ಲ 230 ವೋಲ್ಟಿನ ಮೇನ್ಸ್‌ಗೆ ನೇರವಾಗಿ ಸೇರಿಕೊಂಡಿರುತ್ತದೆ. ಗಾಜು ಸಡಿಲವಾಗಿದ್ದರೆ, ಡಬ್ಬಿ ಒಡೆದಿದ್ದರೆ, ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್. ನನಗೆ ಒಮ್ಮೆ ಕೈ ಜುಮ್ಮೆಂದಿತ್ತು, ಮಳೆಗಾಲದ ತೇವ ಅಂತ ಬಿಟ್ಟಿದ್ದೆ. ಆ ಹೊತ್ತಿಗೆ ಮಗ ಹಿಡಿದಿದ್ದರೆ? ಇಂಥದ್ದು ಮನೆಯಲ್ಲಿದ್ದರೆ ದಯವಿಟ್ಟು ಪ್ಲಗ್ಗಿನಲ್ಲಿರುವಾಗ ಉರಿಸಬೇಡಿ, ಮಕ್ಕಳ ಕೈಗೆ ಎಟಕುವಲ್ಲಿ ಚಾರ್ಜಿಗೆ ಹಾಕಬೇಡಿ.

ಇನ್ನು ಎರಡನೆಯದು. ಆ ಮುಚ್ಚಳವನ್ನು ಅಂಗಡಿಯವರು ಇಕ್ಕಳ ಹಾಕಿ ತಿರುಗಿಸಿದರು. ಒಳಗಿನ ಸ್ಪ್ರಿಂಗ್ ಹಸಿರು ಹಿಡಿದಿತ್ತು. ಕೊನೇ ಸೆಲ್ಲಿನ ತಳದಲ್ಲಿ ಒಣಗಿದ ಸುಣ್ಣದ ಹಾಗೆ ಬಿಳಿ ಪುಡಿ, ಅದರ ಕೆಳಗೆ ಇನ್ನೂ ಹಸಿ ಇತ್ತು. ಬೆರಳಿಗೆ ತಾಗಿದ್ದು ಸೋಪಿನ ಹಾಗೆ ಜಾರಿತು, ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು. ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಆಲ್ಕಲೈನ್ ಸೆಲ್ಲಿನೊಳಗಿನ ಕ್ಷಾರ. ಗಾಳಿ ತಾಗಿ ಒಣಗಿದರೆ ಬಿಳಿ ಪುಡಿಯಾಗುತ್ತದೆ. ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಹಾಗಾಗಿಯೇ ಮುಚ್ಚಳ ಕಚ್ಚಿಕೊಂಡದ್ದು.

ಯಾಕೆ ಸೋರಿತು ಅಂತ ನೋಡಿದರೆ ಎರಡು ಸೆಲ್ ಹೊಸದು, ಒಂದು ಬೇರೆ ಕಂಪನಿಯ ಹಳೇದು. ಗೋಡೆ ಗಡಿಯಾರ ನಿಂತಾಗ ಯಾರೋ ಟಾರ್ಚಿನ ಒಂದು ಸೆಲ್ ತೆಗೆದು ಅದಕ್ಕೆ ಹಾಕಿ, ಗಡಿಯಾರದ್ದನ್ನೋ ಆಟಿಕೆಯದ್ದನ್ನೋ ಇಲ್ಲಿ ತುಂಬಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಮಾಡುವ ಕೆಲಸ, ನಾನೂ ಮಾಡಿದ್ದೇನೆ. ಸಾಲಾಗಿ ಕೂತ ಸೆಲ್ಲುಗಳಲ್ಲಿ ಒಂದು ಬಡವಾಗಿದ್ದರೆ, ಅದು ಖಾಲಿಯಾದ ಮೇಲೂ ಉಳಿದ ಎರಡು ಅದರ ಮೂಲಕ ಕರೆಂಟು ತಳ್ಳುತ್ತಲೇ ಇರುತ್ತವೆ. ಅದು ಉಲ್ಟಾ ಚಾರ್ಜಾಗಿ, ಒಳಗೆ ಗ್ಯಾಸ್ ಹುಟ್ಟಿ, ಸೀಲ್ ಬಿಟ್ಟು ಸೋರುತ್ತದೆ. ಹಳೇದು ಹೊಸದು ಸೇರಿಸಬೇಡಿ ಅಂತ ಸೆಲ್ಲಿನ ಮೇಲೆ ಬರೆದಿರುವುದು ಇದಕ್ಕೇ, ಮಾರಾಟ ಹೆಚ್ಚಲಿ ಅಂತಲ್ಲ.

ನನಗೆ ಇದರಿಂದ ಗೊತ್ತಾದದ್ದು ಏನೆಂದರೆ, ಮನೆಯ ಟಾರ್ಚ್ ಉರಿಯುವಾಗ ಕೆಡುವುದಕ್ಕಿಂತ ಸುಮ್ಮನೆ ಕೂತಾಗ ಕೆಡುವುದೇ ಹೆಚ್ಚು. ವರ್ಷದಲ್ಲಿ ಎಂಟು ತಿಂಗಳು ಅದಕ್ಕೆ ಕೆಲಸವಿಲ್ಲ. ಅಂಗಡಿಯಲ್ಲಿ ನಾವು ಎಷ್ಟು ದೂರ ಬೆಳಕು ಬೀಳುತ್ತದೆ ಅಂತ ಮಾತ್ರ ನೋಡುತ್ತೇವೆ. ಎಂಟು ತಿಂಗಳು ಇಟ್ಟರೆ ಹೇಗಿರುತ್ತದೆ ಅಂತ ಕೇಳುವುದೇ ಇಲ್ಲ.

ಈಗ ನಮ್ಮಲ್ಲಿರುವುದು ಎರಡು ಎಎ ಸೆಲ್ ಹಾಕುವ ಸಾದಾ ಎಲ್‌ಇಡಿ ಟಾರ್ಚುಗಳು, ಒಂದೇ ಥರದವು ಎರಡು. ಸ್ವಿಚ್ಚು ಹೆಬ್ಬೆರಳಲ್ಲಿ ಮುಂದೆ ಸರಿಸುವಂಥದ್ದು. ಮೆತ್ತಗೆ ಒತ್ತುವ ಎಲೆಕ್ಟ್ರಾನಿಕ್ ಬಟನ್ ಇರುವ ಕೆಲವು ಟಾರ್ಚುಗಳು ಆಫ್ ಇದ್ದಾಗಲೂ ಚೂರುಚೂರು ಕರೆಂಟು ತಿನ್ನುತ್ತವೆ, ಸರಿಸುವ ಸ್ವಿಚ್ಚಿನಲ್ಲಿ ಆ ಚಿಂತೆ ಇಲ್ಲ. ಬೆಳಕಿನ ಅಳತೆ 50ರಿಂದ 100 ಲ್ಯೂಮೆನ್ ಇದ್ದರೆ ಮನೆಗೆ, ಕೊಟ್ಟಿಗೆಗೆ ಧಾರಾಳ ಸಾಕು. ಮುಂದಿನ ಗಾಜು ಎಳೆದರೆ ಬೆಳಕು ಗುಡ್ಡಕ್ಕೆ ಬೀಳುವ ಜೂಮ್ ಟಾರ್ಚ್ ನೋಡಲು ಚೆಂದ, ಆದರೆ ಕಾಲ ಬುಡ ಕಾಣುವುದಿಲ್ಲ. ಮಳೆಗಾಲದ ಅಂಗಳದಲ್ಲಿ ನಮಗೆ ಕಾಣಬೇಕಾದ್ದು ಕಾಲ ಬುಡವೇ, ಕೊಳಕುಮಂಡಲ ಮಲಗಿರುವುದು ಅಲ್ಲೇ. ಅಗಲವಾಗಿ ಹರಡುವ ಬೆಳಕನ್ನೇ ಆರಿಸಿ. ಬುಡ್ಡಿದೀಪ, ಮೇಣದ ಬತ್ತಿ ದೇವರ ಮುಂದೆ ಸರಿ. ಹುಲ್ಲು ತುಂಬಿದ ಕೊಟ್ಟಿಗೆಗೆ ಬೆಂಕಿ ಒಯ್ಯಬೇಡಿ.

ಸೆಲ್ಲಿನ ವಿಷಯದಲ್ಲಿ ಮೈಮೇಲಿನ ಸಣ್ಣ ಅಕ್ಷರ ಓದುವುದನ್ನು ರೂಢಿ ಮಾಡಿಕೊಳ್ಳಿ. ಎಎ ಸೆಲ್ಲಿನ ಮೇಲೆ ಬರೀ ಆರ್6 ಅಂತಿದ್ದರೆ ಮಾಮೂಲಿ ಸತುವಿನ ಸೆಲ್, ಎಲ್‌ಆರ್6 ಅಂತಿದ್ದರೆ ಆಲ್ಕಲೈನ್, ಎಚ್‌ಆರ್6 ಅಂತಿದ್ದರೆ ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕ್ಕಲ್ ಸೆಲ್. ದೊಡ್ಡ ಸೆಲ್ಲಿಗೆ ಇದೇ ಅಕ್ಷರದ ಮುಂದೆ 20 ಇರುತ್ತದೆ. ಮಾಮೂಲಿ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಇಂಧನ. ಉರಿದಷ್ಟೂ ಆ ಡಬ್ಬಿಯೇ ಸವೆದು ತೆಳ್ಳಗಾಗಿ ಕೊನೆಗೆ ತೂತು ಬೀಳುತ್ತದೆ. ಗಡಿಯಾರಕ್ಕೆ ಅದು ನಡೆಯುತ್ತದೆ. ತಿಂಗಳುಗಟ್ಟಲೆ ಕೂರುವ ಟಾರ್ಚಿಗೆ ಬೇಡ. ನಮ್ಮಪ್ಪ ರೇಡಿಯೋ ಸೆಲ್ಲುಗಳನ್ನು ಅಂಗಳದ ಬಿಸಿಲಿಗೆ ಇಟ್ಟು ಮತ್ತೆ ಎರಡು ದಿನ ವಾರ್ತೆ ಕೇಳುತ್ತಿದ್ದರು. ಬಿಸಿಗೆ ಸ್ವಲ್ಪ ಚೇತರಿಸಿಕೊಳ್ಳುವುದು ನಿಜ, ಆದರೆ ಅಷ್ಟು ಹೊತ್ತಿಗೆ ಡಬ್ಬಿ ಸವೆದಿರುತ್ತದೆ, ಸೋರುವುದು ಇನ್ನೂ ಬೇಗ. ಆಲ್ಕಲೈನ್ ಸೆಲ್ ಕೊಳ್ಳುವಾಗ ತಾರೀಖು ನೋಡಿ, ಬಿಸಿಲಿಗೆ ನೇತಾಡುವ ಮಾಲೆಯಿಂದ ಕೀಳಿಸಬೇಡಿ, ಒಳಗಿನ ಪೆಟ್ಟಿಗೆಯಿಂದ ಕೇಳಿ. ನಿಕ್ಕಲ್ ಸೆಲ್ಲಿನಲ್ಲಿ ಇಟ್ಟಲ್ಲೇ ಚಾರ್ಜ್ ಬೇಗ ಇಳಿಯದ ಬಗೆ ಬಂದಿದೆ, ಮೇಲೆ ಪ್ರೀ-ಚಾರ್ಜ್ಡ್ ಅಂತ ಬರೆದಿರುತ್ತದೆ. ದಿನಾ ಬಳಸುವವರಿಗೆ ಅದು ಲಾಭ. ಆದರೂ ಕರೆಂಟಿಲ್ಲದ ನಾಲ್ಕನೇ ದಿನ ಅದನ್ನೂ ಚಾರ್ಜ್ ಮಾಡಲಾಗದು, ಆದ್ದರಿಂದ ನಾಲ್ಕು ಆಲ್ಕಲೈನ್ ಬೇರೆಯೇ ಇಟ್ಟಿದ್ದೇನೆ.

ದೀಪಾವಳಿ ಹೊತ್ತಿಗೆ ನಮ್ಮನೆಯವರು ಆನ್‌ಲೈನ್‌ನಲ್ಲಿ ಲಿಥಿಯಂ ಸೆಲ್ಲಿನ ಟಾರ್ಚ್ ಒಂದು ತರಿಸಿದರು. ಬೆರಳಿಗಿಂತ ದಪ್ಪದ 18650 ಸೆಲ್, ಮೈಮೇಲೆ 9900 ಎಂಎಎಚ್ ಅಂತ ಅಚ್ಚು, ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು. ಆ ಅಳತೆಯ ಒಳ್ಳೆಯ ಸೆಲ್ಲುಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ, ತೂಕ 45 ಗ್ರಾಂ ಮೇಲೆ ಇರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಮ್ಮದು 28 ಗ್ರಾಂ ತೂಗಿತು. ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ನೋಂದಣಿ ಸಂಖ್ಯೆಯೂ ಇರಲಿಲ್ಲ. ಲಿಥಿಯಂ ಸೆಲ್ ಕೆಟ್ಟರೆ ಬೆಂಕಿಯೇ ಹತ್ತಬಹುದು, ವಾಪಸ್ ಕಳಿಸಿದೆವು.

ಸೋರಿದ ಟಾರ್ಚ್ ನಿಮ್ಮಲ್ಲಿದ್ದರೆ ಎಸೆಯಲು ಅವಸರ ಬೇಡ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಸೆಲ್ ತೆಗೆದು, ಬಿಳಿ ಪುಡಿ ಇದ್ದಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಒರೆಸಿ. ಬುರುಬುರು ನೊರೆ ಬಂದು ನಿಲ್ಲುತ್ತದೆ. ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಕಣ್ಣಿಗೆ ಮಾತ್ರ ತಾಗಿಸಿಕೊಳ್ಳಬೇಡಿ. ತಾಗಿದರೆ ಧಾರೆ ನೀರಲ್ಲಿ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೋಗಿ. ನಮ್ಮದು ಹೀಗೆ ಬದುಕಿಕೊಂಡಿತು. ಹಳೇ ಸೆಲ್ಲುಗಳನ್ನು ಬಚ್ಚಲ ಒಲೆಗೆ ಹಾಕುವ ರೂಢಿ ನಮ್ಮ ಕಡೆ ಇದೆ, ಅದು ಬೇಡವೇ ಬೇಡ, ಒಳಗೆ ಒತ್ತಡ ಹೆಚ್ಚಿ ಸಿಡಿಯುತ್ತವೆ.

ಮಳೆ ಮುಗಿದ ಮೇಲೆ ನಾನೀಗ ಟಾರ್ಚಿನಿಂದ ಸೆಲ್ ತೆಗೆದು, ಮುಚ್ಚಳದ ಒಣ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನೂ ಟಾರ್ಚನ್ನೂ ಒಂದೇ ಚೀಲದಲ್ಲಿ ಹಿತ್ತಲ ಬಾಗಿಲ ಮೊಳೆಗೆ ನೇತುಹಾಕುತ್ತೇನೆ. ಇನ್ನೊಂದರಲ್ಲಿ ಸೆಲ್ ಇರುತ್ತದೆ, ಪ್ರತಿ ತಿಂಗಳು ಅಮಾವಾಸ್ಯೆಯ ದಿನ ಬಿಚ್ಚಿ ನೋಡಿ ಹತ್ತು ನಿಮಿಷ ಉರಿಸುತ್ತೇನೆ. ತಿಥಿಗೆ ಬೇರೆ ಕಾರಣವಿಲ್ಲ, ಮರೆಯದಿರಲಿ ಅಂತ. ಗಡಿಯಾರದ ಸೆಲ್ ಬೇರೆ ಡಬ್ಬಿ. ಅದನ್ನು ಮಗನೇ ಬರೆದು ಅಂಟಿಸಿದ್ದಾನೆ.

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ಪಕ್ಕದ ಮನೆಗೆ ಹೋಗಿದ್ದೆ, ಅವತ್ತು ನಮ್ಮನ್ನು ಕಾಪಾಡಿದ ಹಿತ್ತಾಳೆ ಟಾರ್ಚ್ ಅಲ್ಲೇ ಕಿಟಕಿಯಲ್ಲಿತ್ತು. ಕೇಳಿ ತೆಗೆದುಕೊಂಡು ಬಿಚ್ಚಿದೆ. ಎರಡು ದೊಡ್ಡ ಸೆಲ್ಲಿನಲ್ಲಿ ಒಂದರ ತಳ ಉಬ್ಬಿತ್ತು, ಸುತ್ತ ಕಂದು ಬಣ್ಣದ ಅಂಟು. ಇನ್ನೊಂದು ವಾರ ಬಿಟ್ಟಿದ್ದರೆ ಅದೂ ಕಚ್ಚಿಕೊಳ್ಳುತ್ತಿತ್ತು. ಅತ್ತೆ ಅಲ್ಲೇ ನಿಂತು ಸೆರಗಿನಿಂದ ಹಿತ್ತಾಳೆಯ ಒಳಗೋಡೆ ಒರೆಸಿದರು, ನಾನು ಮನೆಗೆ ಹೋಗಿ ಹೊಸ ಸೆಲ್ ತಂದು ಹಾಕಿದೆ.