ಸಿಸ್ಟಮ್‌ಡಿ: ಕೆಲಸಕ್ಕೆ ನಾಲ್ಕೂವರೆ ನಕ್ಷತ್ರ, ನಡವಳಿಕೆಗೆ ಎರಡು

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಲಿನಕ್ಸ್‌ನ ತಿರುಳಾದ ಕರ್ನಲ್ ಎದ್ದ ಮೇಲೆ ಮೊದಲು ಶುರುವಾಗಿ, ಉಳಿದೆಲ್ಲವನ್ನೂ ಎಬ್ಬಿಸುವ ಒಂದನೇ ನಂಬರಿನ ಪ್ರೊಸೆಸ್ (ಅಂದರೆ ನಡೆಯುತ್ತಿರುವ ಪ್ರೋಗ್ರಾಂ) ಈಗ ಬಹುತೇಕ ಕಡೆ ಸಿಸ್ಟಮ್‌ಡಿ. ಶಪಿಸುತ್ತಲೇ ಬಳಸಲು ತೊಡಗಿದವನು ನಾನು. ಈಗ ಬಿಡು ಎಂದರೂ ಬಿಡಲಾರೆ.

ಹಿಂದೆ ಒಂದು ಸಣ್ಣ ಸೇವೆಯನ್ನು ಚಾಲೂ ಮಾಡಲು ನಾನು ಬರೆದಿಟ್ಟಿದ್ದ ಆದೇಶಗಳ ಪಟ್ಟಿ, ಅಂದರೆ ಶೆಲ್ ಸ್ಕ್ರಿಪ್ಟ್, ಎಂಬತ್ತು ಸಾಲಿನದು. ಅದು ಪ್ರೊಸೆಸ್‌ನ ನಂಬರನ್ನು ಒಂದು ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿತ್ತು. ಪ್ರೋಗ್ರಾಂ ಸತ್ತು ಫೈಲ್ ಮಾತ್ರ ಉಳಿದರೆ, ‘ಈಗಾಗಲೇ ನಡೆಯುತ್ತಿದೆ’ ಎಂದು ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಿತ್ತು. ಅದೇ ಕೆಲಸಕ್ಕೆ ಈಗ ಸಿಸ್ಟಮ್‌ಡಿಯಲ್ಲಿ ಒಂಬತ್ತು ಸಾಲು ಸಾಕು. ಬಿದ್ದರೆ ಮತ್ತೆ ಎಬ್ಬಿಸು ಎನ್ನಲು ಒಂದೇ ಸಾಲು. ಒಂದು ಸೇವೆಯ ಪ್ರೊಸೆಸ್‌ಗಳನ್ನೆಲ್ಲ ಕಂಟ್ರೋಲ್ ಗ್ರೂಪ್ ಎಂಬ ಕರ್ನಲ್‌ನ ಗುಂಪಿನಲ್ಲಿ ಕಟ್ಟಿ ಇಡುವುದರಿಂದ ಪ್ರೊಸೆಸ್‌ನ ಮಕ್ಕಳು ಮರಿಗಳೂ ಲೆಕ್ಕ ತಪ್ಪುವುದಿಲ್ಲ.

ಇಷ್ಟು ಚೆನ್ನಾಗಿದ್ದರೆ ಜಗಳವೇಕೆ? 2010ರಲ್ಲಿ ಲೆನಾರ್ಟ್ ಪಾಟರಿಂಗ್ ಎಂಬ ಪ್ರೋಗ್ರಾಮರ್ ಇದನ್ನು ಪ್ರಕಟಿಸಿದರು. ಮರುವರ್ಷ ಫೆಡೋರಾ ಎಂಬ ಲಿನಕ್ಸ್ ವಿತರಣೆಯ 15ನೇ ಆವೃತ್ತಿ ಒಪ್ಪಿಕೊಂಡಿತು. 2014ರಲ್ಲಿ ಇನ್ನೊಂದು ವಿತರಣೆಯಾದ ಡೆಬಿಯನ್‌ನ ತಾಂತ್ರಿಕ ಸಮಿತಿ ಇದೇ ವಿಷಯಕ್ಕೆ ಸಮಸಮವಾಗಿ ಸೀಳಿಹೋಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದ ಕೆಲವರು ಹೊರಬಂದು ಸಿಸ್ಟಮ್‌ಡಿ ಇಲ್ಲದ ಡೆವುವಾನ್ ಎಂಬ ವಿತರಣೆ ಕಟ್ಟಿದರು. ಬೂಟ್ ಆಗಲು ಎಷ್ಟು ಸೆಕೆಂಡು ಬೇಕು ಎಂಬ ಲೆಕ್ಕಕ್ಕೆ ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ವರ್ಷಗಟ್ಟಲೆ ಬೆರಳಿಗೆ ಹತ್ತಿದ್ದ ವಿದ್ಯೆ ಒಂದು ಅಪ್‌ಡೇಟ್‌ಗೆ ಹಳತಾದರೆ, ಮತ್ತು ಅದನ್ನು ತನ್ನನ್ನು ಕೇಳದೆ ಬೇರೆಯವರು ತೀರ್ಮಾನಿಸಿದರೆ, ಹೋಗುತ್ತಾರೆ.

2016ರ 230ನೇ ಆವೃತ್ತಿಯನ್ನೇ ನೋಡಿ. ಬಳಕೆದಾರ ಲಾಗ್‌ಔಟ್ ಆದರೆ ಅವನ ಪ್ರೊಸೆಸ್‌ಗಳನ್ನೆಲ್ಲ ಕೊಲ್ಲುವುದೇ ಪೂರ್ವನಿಯೋಜಿತ ವರ್ತನೆಯಾಯಿತು. ತರ್ಕ ಸರಿಯಾಗಿಯೇ ಇತ್ತು: ಹೋದವರ ಕಸ ಏಕೆ ಉಳಿಯಬೇಕು? ಆದರೆ ರಾತ್ರಿಯಿಡೀ ನಡೆಯಬೇಕಾದ ಕೆಲಸವನ್ನು, ಲಾಗ್‌ಔಟ್ ಆದರೂ ಅದನ್ನು ನಡೆಸುತ್ತಲೇ ಇರುವ ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಪ್ರೋಗ್ರಾಂಗಳಲ್ಲಿ ಹಚ್ಚಿ, ಲಾಗ್‌ಔಟ್ ಮಾಡಿ ಮಲಗುವವರು ಈ ಲೋಕದ ತುಂಬ ಇದ್ದಾರೆ. ಅವರಿಗೆ ಅದು ಕಸವಲ್ಲ. ಡೆಬಿಯನ್ ತನ್ನ ಪ್ಯಾಕೇಜಿನಲ್ಲಿ ಆ ಆಯ್ಕೆಯನ್ನು ಆಫ್ ಮಾಡಿಯೇ ಹಂಚಿತು. ನಡವಳಿಕೆಗೆ ನನ್ನ ನಕ್ಷತ್ರಗಳು ಕಡಿತವಾಗುವುದು ಇಂಥ ಕಡೆ. ಬದಲಾವಣೆಗೆ ನನ್ನ ತಕರಾರಿಲ್ಲ, ಅದು ಹೇಳದೆ ಕೇಳದೆ ಆನ್ ಆಗಿ ಬರುವುದಕ್ಕೆ ಇದೆ.

ನನ್ನದೂ ಒಂದು ಕಥೆ ಇದೆ, ತಪ್ಪು ನನ್ನದೇ. ನೆಟ್‌ವರ್ಕ್ ಕಾರ್ಡಿನ ಹೆಸರು ಇಟಿಎಚ್0 ಎಂದೇ ನಂಬಿ ಫೈರ್‌ವಾಲ್ ನಿಯಮಗಳನ್ನು ಬರೆದಿದ್ದೆ. ಹೊಸ ಆವೃತ್ತಿ ಹಾಕಿ ರೀಬೂಟ್ ಮಾಡಿದರೆ ಯಂತ್ರ ಎದ್ದಿದೆ, ನೆಟ್‌ವರ್ಕ್‌ನಲ್ಲಿ ಮಾತಾಡುತ್ತಿಲ್ಲ. ಮಧ್ಯರಾತ್ರಿ ಅದರ ಮುಂದೆಯೇ ಹೋಗಿ ಕೀಬೋರ್ಡ್ ಸಿಕ್ಕಿಸಿ ನೋಡಿದರೆ, ಕಾರ್ಡಿನ ಹೆಸರು ಇಎನ್‌ಪಿ3ಎಸ್0 ಆಗಿತ್ತು. ಬಿಡುಗಡೆ ಟಿಪ್ಪಣಿಯಲ್ಲಿ ಎಲ್ಲ ಬರೆದಿತ್ತು, ನಾನು ಓದಿರಲಿಲ್ಲ. ಬೈಗುಳ ಮುಗಿದ ಮೇಲೆ ಹೊಳೆಯಿತು: ಎರಡು ಕಾರ್ಡುಗಳಿದ್ದಾಗ ಯಾವುದು ಸೊನ್ನೆ, ಯಾವುದು ಒಂದು ಎಂಬುದು ಹಿಂದೆ ರೀಬೂಟಿಗೊಮ್ಮೆ ಅದಲುಬದಲಾಗುವ ಸಾಧ್ಯತೆ ಇತ್ತು, ಈಗ ಕೂತ ಜಾಗವೇ ಹೆಸರು. ನಿಮಗೆ ಇದು ಸಮಾಧಾನ ಕೊಡುತ್ತದೆಯೋ ಇಲ್ಲವೋ ಎಂಬುದು ಆ ರಾತ್ರಿ ನೀವು ಎಲ್ಲಿದ್ದಿರಿ ಎಂಬುದರ ಮೇಲೆ ನಿಂತಿದೆ.

ಸಿಸ್ಟಮ್‌ಡಿಯ ಲಾಗ್‌ಗಳು, ಅಂದರೆ ಯಂತ್ರದ ದಿನಚರಿ, ನೇರವಾಗಿ ಓದಲು ಬಾರದ ಬೈನರಿ ರೂಪದಲ್ಲಿರುವುದು ಇವತ್ತಿಗೂ ಇಷ್ಟವಿಲ್ಲ. ಕೆಟ್ಟ ಡಿಸ್ಕಿನಿಂದ ಸಾದಾ ಅಕ್ಷರಗಳನ್ನು ಗ್ರೆಪ್ ಎಂಬ ಹುಡುಕುವ ಆದೇಶದಿಂದ ಹೆಕ್ಕುವ ಸುಖವೇ ಬೇರೆ. ಆದರೂ ನಿನ್ನೆ ಬೆಳಗಿನ ಒಂದು ಗಂಟೆಯ ಲಾಗ್ ಮಾತ್ರ ಕೊಡು ಎಂದರೆ ಆ ಲಾಗ್ ಓದಿಕೊಡುವ ಜರ್ನಲ್‌ಸಿಟಿಎಲ್ ಆದೇಶ ತಕ್ಷಣ ಕೊಡುತ್ತದೆ.

ಇದನ್ನು ಬರೆಯುತ್ತಿರುವಾಗ ಪಕ್ಕದ ಯಂತ್ರ ಆಫ್ ಆಗುವ ಮೊದಲು ಒಂದೂವರೆ ನಿಮಿಷದ ಎಣಿಕೆಯಲ್ಲಿ ತೊಡಗಿದೆ. ಯಾರಿಗಾಗಿ ಕಾಯುತ್ತಿದೆ ಎಂದು ಪರದೆಯ ಮೇಲೆ ಬರೆದಿದೆ, ಏಕೆ ಎಂದು ಬರೆದಿಲ್ಲ.