ಸಬ್ಸಿಡಿ ಗೋಬರ್ ಗ್ಯಾಸ್: ಗುಂಡಿ ಚೊಲೋ, ಉಸ್ತುವಾರಿ ಸಾಲದು

ಶಿರಸಿ, ಸಿದ್ದಾಪುರದ ಅಡಕೆ ಮನೆಗಳಿಗೆ ಗೋಬರ್ ಗ್ಯಾಸ್ ಹೊಸದೇನಲ್ಲ. ಭೂಮಿ ಬಿಸಿಯಾಗಿಸುವ ಮಿಥೇನ್ ಅನಿಲ ತಗ್ಗಿಸುವ ಲೆಕ್ಕದಲ್ಲಿ ಈಗ ಅದರ ಹೆಸರು ಮತ್ತೆ ಕೇಳಿಬರುತ್ತಿದೆ, ಅಷ್ಟೆ. ಕೇಂದ್ರದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮ (2021-22ರಿಂದ 2025-26) ಘಟಕದ ಗಾತ್ರ ನೋಡಿ 9,800ರಿಂದ 70,400 ರೂಪಾಯಿವರೆಗೆ ಸಹಾಯಧನ ಇಟ್ಟಿತ್ತು. ಇಲ್ಲಿ ನೋಡುತ್ತಿರುವುದು ಮನೆಬಳಕೆಯ 2 ಘನ ಮೀಟರ್ ದೀನಬಂಧು ಮಾದರಿಯನ್ನು.

ವಿನ್ಯಾಸಕ್ಕೆ ಪೂರ್ತಿ ಅಂಕ. ನೆಲದೊಳಗೆ ಇಟ್ಟಿಗೆಯ ಗುಮ್ಮಟ. ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಒಲೆ ಗಂಟೆಗೆ ಸುಮಾರು 0.45 ಘನ ಮೀಟರ್ ಎಳೆಯುತ್ತದೆ, ಅಂದರೆ ದಿನದ 2 ಘನ ಮೀಟರ್ ಗ್ಯಾಸಿಗೆ ನಾಲ್ಕು ಗಂಟೆ ಚಿಲ್ಲರೆ ಉರಿ. ಎಡವಟ್ಟಾಗುವುದು ಅರ್ಜಿಯಲ್ಲೇ: ದನ ಎಣಿಸುತ್ತಾರೆ, ಸಗಣಿ ತೂಗುವುದಿಲ್ಲ. ಬೆಟ್ಟಕ್ಕೆ ಮೇಯಲು ಹೋಗುವ ಮಲೆನಾಡು ಗಿಡ್ಡ ತಳಿಯ ದನದ ಸಗಣಿಯಲ್ಲಿ ಅರ್ಧ ಅಲ್ಲೇ ಬೀಳುತ್ತದೆ. ಕಟ್ಟಿ ಮೇಯಿಸುವ ಜರ್ಸಿ ನಾಲ್ಕೈದು ಇದ್ದರೆ ಈ ಗಾತ್ರ ಸರಿ. ಗಿಡ್ಡ ನಾಲ್ಕೈದೇ ಇದ್ದವರಿಗೆ 1 ಘನ ಮೀಟರೂ ಹೆಚ್ಚೇ.

ಕಟ್ಟುವ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿದಿರಲಿ. ಅಂಕೋಲಾ, ಕಾರವಾರದ ಕಡೆ ನೀರು ಮೇಲೇ ಇರುವ ಜಾಗದಲ್ಲಿ ಖಾಲಿ ಗುಂಡಿಯನ್ನು ಜೂನ್‌ಗೆ ಬಿಟ್ಟರೆ ಒರತೆಯ ಒತ್ತಡಕ್ಕೆ ತಳ ಸೀಳುತ್ತದೆ. ಮೊದಲ ತುಂಬುವಿಕೆಗೆ ಎರಡು ಟನ್ನಿನಷ್ಟು ಸಗಣಿ ಕೂಡಿಟ್ಟಿರಬೇಕು. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಸೇರಿರುತ್ತದೆ. ಅದನ್ನು ಹೊರಗೆ ಬಿಡಿ, ಕಡ್ಡಿ ಗೀರಬೇಡಿ.

ಆಮೇಲಿನ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು (ಒಣ ಎಲೆ) ಸಗಣಿ ಜೊತೆ ಒಳಹೋದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಏಳುವುದಿಲ್ಲ. ಫಿನಾಯಿಲ್ ಹಾಕಿ ತೊಳೆದ ನೀರು, ಅಡಕೆಗೆ ಬೋರ್ಡೋ ಎಂಬ ತಾಮ್ರದ ಮದ್ದು ಹೊಡೆದ ಪಂಪು ತೊಳೆದ ನೀರು ಇಳಿದರೆ ಒಳಗಿನ ಸೂಕ್ಷ್ಮಾಣುಗಳೇ ಸಾಯುತ್ತವೆ. ತಾಮ್ರ ಕೊಳೆರೋಗಕ್ಕೆ ಮದ್ದು, ಗುಂಡಿಗೆ ವಿಷ. ಒಲೆ ಗುಳುಗುಳು ಅಂದು ಆರಿದರೆ ಪೈಪಿನಲ್ಲಿ ನೀರು ನಿಂತಿದೆ. ಪೈಪು ಇಳಿಜಾರಾಗಿದ್ದು, ತಗ್ಗಿನಲ್ಲಿ ನೀರು ತೆಗೆಯುವ ನಲ್ಲಿ ಇರಲೇಬೇಕು.

ಹವಾಮಾನದ ಲೆಕ್ಕಕ್ಕೆ ಬಂದರೆ ಅಂಕ ಕಡಿಮೆ. ದನ ತೇಗಿ ಬಿಡುವ ಮಿಥೇನೇ ದೊಡ್ಡ ಪಾಲು. ಅದಕ್ಕೆ ಈ ಗುಂಡಿ ಏನೂ ಮಾಡದು. ಮಿಥೇನ್ ತಗ್ಗಿಸುತ್ತೇವೆಂದು ಹಲವು ದೇಶಗಳು 2021ರಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಪ್ರತಿಜ್ಞೆಗೆ ಭಾರತ ಸೇರಲೂ ಇಲ್ಲ. ಗೊಬ್ಬರಗುಂಡಿಯ ಮಿಥೇನ್ ಒಲೆಯಲ್ಲಿ ಉರಿದು ಹೋಗುವುದು, ಕಟ್ಟಿಗೆ, ಸಿಲಿಂಡರ್ ಉಳಿಯುವುದು, ಇವಿಷ್ಟು ನಿಜವಾದ ಲಾಭ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಿಥೇನೇ. ಬೇಕೆಂದೇ ಮಿಥೇನ್ ಹುಟ್ಟಿಸುವ ಗುಂಡಿ ಸೋರಿದರೆ, ಸಗಣಿಯನ್ನು ಬಯಲಲ್ಲಿ ಒಣಗಲು ಬಿಟ್ಟಿದ್ದೇ ವಾಸಿ ಎನ್ನುವಂತಾಗುತ್ತದೆ. ಯೋಜನೆಯ ಕಾಗದದಲ್ಲಿ 5 ವರ್ಷದ ಉಚಿತ ನಿರ್ವಹಣೆಯ ಮಾತಿತ್ತು. ಆದರೆ ಸಹಾಯಧನ ಸಲ್ಲುತ್ತಿದ್ದುದು ಗುಂಡಿ ಕಟ್ಟಿದ್ದಕ್ಕೆ, ಒಲೆ ವರ್ಷಗಟ್ಟಲೆ ಉರಿದದ್ದಕ್ಕಲ್ಲ. ಯೋಜನೆಯ ದೊಡ್ಡ ಕೊರತೆ ಇದೇ.

ಹಾಗಾಗಿ ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಸೋರಿಕೆ ನೋಡಿಕೊಳ್ಳಿ. ಗ್ಯಾಸ್ ಚೆನ್ನಾಗಿ ಬರಲು ಶುರುವಾದ ಮೇಲೆ ರಾತ್ರಿ ಮುಖ್ಯ ವಾಲ್ವ್ ಮುಚ್ಚಿ, ಸಗಣಿ ಬಗ್ಗಡ ಹೊರಬರುವ ತೊಟ್ಟಿಯಲ್ಲಿ ಅದು ನಿಂತ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ ಬಗ್ಗಡ ಗೆರೆಗಿಂತ ಮೇಲೇರಿರಬೇಕು, ಒಳಗಿನ ಗ್ಯಾಸ್ ಅದನ್ನು ತಳ್ಳುತ್ತದೆ. ತೊಟ್ಟಿ ಆಗಲೇ ತುಂಬಿ ಹರಿಯುತ್ತಿದ್ದರೆ ಸ್ವಲ್ಪ ಗ್ಯಾಸ್ ಉರಿಸಿ, ಮಟ್ಟ ಇಳಿಸಿಕೊಂಡು ಗೆರೆ ಹಾಕಿ. ಬೆಳಿಗ್ಗೆ ಕೆಳಗಿಳಿದಿದ್ದರೆ ಮೊದಲು ಗುಮ್ಮಟದ ನೆತ್ತಿಯ ಪೈಪಿನ ಬುಡಕ್ಕೂ ವಾಲ್ವಿಗೂ ಸೋಪಿನ ನೀರು ಹಾಕಿ ನೋಡಿ. ಅಲ್ಲಿ ಗುಳ್ಳೆ ಇಲ್ಲದಿದ್ದರೆ ಬಿರುಕು ಗಾರೆಯಲ್ಲಿದೆ. ಖಾಲಿ ಮಾಡಿಸಿ ಒಳಗಿಂದಲೇ ಗಿಲಾಯಿ ಆಗಬೇಕು. ವಿಷಗಾಳಿ ಪೂರ್ತಿ ಹೋಗುವ ತನಕ ಯಾರನ್ನೂ ಒಳಗೆ ಇಳಿಸಬೇಡಿ.